ಹೊಸದು ಅಂದರೆ ಯಾವುದು?

ನಿನ್ನೆ ರಾತ್ರಿ ಫೋನ್ ಅಪ್‌ಡೇಟ್ ಆಯಿತು. ಒಂದೂವರೆ ಜಿಬಿ! ಬೆಳಿಗ್ಗೆ ನೋಡಿದರೆ ಐಕಾನ್‌ಗಳು ಇನ್ನಷ್ಟು ದುಂಡಗಾಗಿವೆ, ಗಡಿಯಾರದ ಅಂಕಿ ದಪ್ಪವಾಗಿದೆ. ಸೆಕ್ಯುರಿಟಿಗೆ ಬೇಕು, ಹಾಕಿಕೊಳ್ಳುತ್ತೇನೆ. ಆದರೆ ಇದನ್ನು ಆವಿಷ್ಕಾರ ಅನ್ನಲು ಮನಸ್ಸು ಒಪ್ಪುವುದಿಲ್ಲ.

ನನ್ನ ಪಾಲಿಗೆ ನಿಜವಾಗಿ ಹೊಸದು ಅಂದರೆ 2012ರ ಆಂಡ್ರಾಯ್ಡ್ 4.1. ಜಗತ್ತಿನ ಭಾಷೆಗಳ ಅಕ್ಷರಗಳಿಗೆಲ್ಲ ಕಂಪ್ಯೂಟರಿಗಾಗಿ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೂ ಎಷ್ಟೋ ವರ್ಷ ನನ್ನ ಫೋನಿಗೆ ಕನ್ನಡ ಮೆಸೇಜ್ ಬಂದರೆ ಕಾಣುತ್ತಿದ್ದದ್ದು ಬರೀ ಚೌಕಗಳ ಸಾಲು. ಆ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಒಟ್ಟಿಗೆ ಬಂದವು. ಒತ್ತಕ್ಷರ ತನ್ನ ಜಾಗದಲ್ಲೇ ಕೂತಿದ್ದು ನೋಡಿ ಆದ ಖುಷಿ ಹೇಳತೀರದು. ಅಮ್ಮನಿಗೆ ‘ಊಟ ಆಯ್ತಾ’ ಅಂತ ಕನ್ನಡದಲ್ಲೇ ಕಳಿಸಿದೆ. ತಕ್ಷಣ ಫೋನ್ ಮಾಡಿ, ಅದನ್ನೇ ಜೋರಾಗಿ ಓದಿ ಹೇಳಿದಳು.