ಗೀಗೀ ಪದ, ಯುಕುಲೇಲೆ, ಕೋಲ್ಡ್ ಬ್ರೂ: ಕೆಲಸ ಎಲ್ಲಿಗೆ ಬಂತು

ಜೂನ್

ಜಗಳದ ಹಾಡು ಒಂದು ಹದಕ್ಕೆ ಬಂದಿದೆ. ನಾವು ಇಬ್ಬರೇ, ನಾನು ಮತ್ತು ನನ್ನ ಜೊತೆ ಹಾಡುವವಳು. ಅವಳ ಕೈಯಲ್ಲಿ ಯುಕುಲೇಲೆ (ನಾಲ್ಕು ತಂತಿಯ, ಪುಟ್ಟ ಗಿಟಾರಿನಂಥದ್ದು), ನನ್ನ ಕೈಯಲ್ಲಿ ಡಪ್ಪು. ಜಯನಗರದ ಒಂದು ಕಾಫಿ ಅಂಗಡಿಯಲ್ಲಿ ಶುಕ್ರವಾರ ಸಂಜೆ ಯಾರು ಬೇಕಾದರೂ ಹಾಡಬಹುದು. ಉಳಿದವರೆಲ್ಲ ಗಿಟಾರ್ ಹಿಡಿದು ವಿರಹ ಹಾಡುತ್ತಾರೆ. ನಮಗೆ ಅಷ್ಟು ದುಃಖ ಇಲ್ಲ.

ಜಗಳದ ಚೌಕಟ್ಟು ಉತ್ತರ ಕರ್ನಾಟಕದ ಗೀಗೀ ಮೇಳದ್ದು, ಅಂದರೆ ಗೀಗೀ ಪದ ಹಾಡುವ ಜನಪದ ತಂಡದ್ದು. ಅಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ. ಗಂಡು ಹೆಚ್ಚು ಅಂತ ಹರದೇಶಿಯವರು, ಹೆಣ್ಣು ಹೆಚ್ಚು ಅಂತ ನಾಗೇಶಿಯವರು. ಪುರಾಣ ಎಳೆದು ತಂದು, ಒಬ್ಬರ ಕಾಲು ಒಬ್ಬರು ಎಳೆದು, ರಾತ್ರಿಯೆಲ್ಲ ಹಾಡುವುದುಂಟು. ನಮಗೆ ಸಿಗುವುದು ಎಂಟು ನಿಮಿಷ. ಹಾಗಾಗಿ ಶಿವ-ಶಕ್ತಿಯ ತಂಟೆಗೆ ಹೋಗದೆ, ಫಿಲ್ಟರ್ ಕಾಫಿ ಹೆಚ್ಚೋ ಕೋಲ್ಡ್ ಬ್ರೂ ಹೆಚ್ಚೋ ಅಂತ ಇಟ್ಟುಕೊಂಡೆವು. ಕೋಲ್ಡ್ ಬ್ರೂ ಅಂದರೆ ಪುಡಿಯನ್ನು ತಣ್ಣೀರಲ್ಲಿ ಗಂಟೆಗಟ್ಟಲೆ ನೆನೆಸಿ ಸೋಸಿದ ಕಾಫಿ. ನನ್ನ ಸವಾಲು:

ಹಬೆಯಾಡೋ ಡವರಾ ಕಾಫಿ ಊದಿ ಕುಡಿಯೋ ಗಂಡು ನಾ
ಐಸು ಹಾಕಿದ ಕಾಫಿ ಅಂದ್ರ ನಿನ್ನೆ ಉಳಿದದ್ದಲ್ಲೇನ?

ಅವಳ ಜವಾಬು:

ನಿನ್ನೆ ಇಟ್ಟದ್ದು ಖರೇ ಐತಿ, ಹದಿನಾರು ತಾಸು ನೆನೆಸೀನಿ
ನೀ ಮೊನ್ನೆ ನೆನೆಸಿದ ಅರಿವಿ ಇನ್ನೂ ಹಿಂಡಿಲ್ಲ, ನೋಡೀನಿ!

ಅರಿವಿ ಅಂದರೆ ಬಟ್ಟೆ. ಬೆಂಗಳೂರಿನವರಿಗೆ ಹೇಳಿಯೇ ಹಾಡಬೇಕು, ಇಲ್ಲದಿದ್ದರೆ ಅರ್ಧ ಅಂಗಡಿ ನಗುವುದಿಲ್ಲ. ಯಾವ ಶ್ರುತಿಯಲ್ಲಿ ಹಾಡುವುದು ಅನ್ನುವ ತಕರಾರು ಬೇಗ ಮುಗಿಯಿತು: ನಾನು ಸಿ, ಅವಳು ಎಫ್. ಯುಕುಲೇಲೆಯಲ್ಲಿ ಎರಡೂ ಸುಲಭ.

ಜುಲೈ

ನಗು ಬಂತು. ಈಗ ಅದೇ ತೊಂದರೆ. ಅರಿವಿಯ ಸಾಲಿಗೆ ಜನ ನಕ್ಕಾಗ ನನ್ನ ಮುಂದಿನ ಸವಾಲು ಆ ಗದ್ದಲದಲ್ಲಿ ಕೊಚ್ಚಿ ಹೋಗುತ್ತದೆ. ನಿಲ್ಲಿಸಿ ಕಾದರೆ ತಾಳ ಸತ್ತುಹೋಗುತ್ತದೆ. ಯಾರೂ ನಗದ ದಿನ ನಿಲ್ಲಿಸಿದರೆ ಕೇಳುವುದೇ ಬೇಡ.

ಹಳೆಯ ಮೇಳಗಳ ರೆಕಾರ್ಡಿಂಗ್ ಕೇಳುತ್ತಾ ಕೂತಾಗ ಇದಕ್ಕೆ ಮದ್ದು ಸಿಕ್ಕಿತು. ಮುಂದೆ ಹಾಡುವವರು ಸಾಲು ಒಗೆದ ಕೂಡಲೇ ಹಿಮ್ಮೇಳ ‘ಗೀಯ ಗೀಯ ಗಾ ಗೀಯ ಗೀಯ’ ಅಂತ ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಜನ ನಕ್ಕು ಮುಗಿಸುತ್ತಾರೆ. ಹಾಡುವವರು ಉಸಿರು ತೆಗೆದುಕೊಳ್ಳುತ್ತಾರೆ, ಬೇಕಾದರೆ ಮುಂದಿನ ಪ್ರಾಸವನ್ನೂ ಹುಡುಕಿಕೊಳ್ಳುತ್ತಾರೆ. ಯಾರೂ ನಗದಿದ್ದರೂ ಮರ್ಯಾದೆ ಹೋಗುವುದಿಲ್ಲ, ಹಾಡು ನಡೆದೇ ಇರುತ್ತದೆ. ಇಷ್ಟು ಜಾಣ ಏರ್ಪಾಡು ನಗಿಸುವುದೇ ಕಸುಬಾದ ಸ್ಟ್ಯಾಂಡ್‌ಅಪ್‌ನವರಿಗೂ ಇಲ್ಲ, ಅಲ್ವಾ?

ನಮಗೆ ಹಿಮ್ಮೇಳ ಎಲ್ಲಿಂದ ತರುವುದು? ಅಂಗಡಿಯನ್ನೇ ಎರಡು ಭಾಗ ಮಾಡಿದೆವು. ಕಿಟಕಿ ಕಡೆಯವರು ಫಿಲ್ಟರ್, ಗಲ್ಲಾಪೆಟ್ಟಿಗೆ ಕಡೆಯವರು ಕೋಲ್ಡ್ ಬ್ರೂ. ಅವರವರ ಪಕ್ಷದ ಸಾಲು ಮುಗಿದಾಗ ‘ಗೀಯ ಗೀಯ’ ಅವರದ್ದೇ. ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಒಬ್ಬರು ಮೀಟಿಂಗ್ ಮ್ಯೂಟ್ ಮಾಡಿ ಹಾಡಿದರು. ಅವರಿಗೆ ತಾಳ ಚೆನ್ನಾಗಿತ್ತು.

ಆಗಸ್ಟ್

ವಾದ್ಯದ ಕೆಲಸ. ಮೇಳದಲ್ಲಿ ತುಂತುಣಿ ಇರುತ್ತದೆ, ಒಂದೇ ತಂತಿಯದ್ದು. ಯುಕುಲೇಲೆಯ ನೈಲಾನ್ ತಂತಿಗಳಿಗೆ ಆ ಒರಟು ದನಿ ಇಲ್ಲ. ಕಾಫಿಯ ಬಿಲ್ ಕಾಗದವನ್ನು ಉದ್ದಕ್ಕೆ ಮಡಚಿ, ನಾಲ್ಕು ತಂತಿಗಳ ಮೇಲೆ-ಕೆಳಗೆ ಹೆಣೆದು, ತಂತಿ ಕಟ್ಟುವ ಬ್ರಿಜ್ ಹತ್ತಿರಕ್ಕೆ ಸರಿಸಿದಳು. ಮೀಟಿದರೆ ಕಂಪನ ಬೇಗ ಸಾಯುತ್ತದೆ, ಜೊತೆಗೆ ಒಂದು ಜರಜರ. ತುಂತುಣಿ ಖಂಡಿತ ಅಲ್ಲ, ಆದರೆ ಡಪ್ಪಿನ ಪಕ್ಕ ಕೂತರೆ ಒಪ್ಪುತ್ತದೆ. ಬಿಲ್ ತೆಳು, ಎರಡು ಹಾಡಿಗೆ ಹರಿಯುತ್ತದೆ. ವಿಸಿಟಿಂಗ್ ಕಾರ್ಡ್ ಹಾಕಿದರೆ ದನಿ ಪೂರ್ತಿ ಸತ್ತೇ ಹೋಗುತ್ತದೆ. ಬಿಲ್ಲನ್ನೇ ಎರಡು ಮಡಿಕೆ ಜಾಸ್ತಿ ಮಾಡಿದ್ದೇವೆ.

ಮಳೆಗಾಲಕ್ಕೆ ಡಪ್ಪಿನ ಚರ್ಮ ಸಡಿಲ ಬಿದ್ದು ‘ಢಬ್’ ಅನ್ನುತ್ತಿತ್ತು. ಊರಲ್ಲಾದರೆ ಬೆಂಕಿಗೆ ಹಿಡಿಯುತ್ತಾರೆ. ಇಲ್ಲಿ ಎಸ್ಪ್ರೆಸೊ ಮಷೀನಿನ ನೆತ್ತಿಯ ಮೇಲೆ, ಕಪ್ಪುಗಳನ್ನು ಬೆಚ್ಚಗಿಡುವ ಜಾಗದಲ್ಲಿ ಇಡುತ್ತೇವೆ. ಹಾಲು ಕಾಯಿಸುವ ಹುಡುಗ ಈಗೀಗ ತಾನಾಗಿಯೇ ಬೆರಳಲ್ಲಿ ತಟ್ಟಿ ನೋಡಿ ‘ಆಯ್ತು ಸಾರ್, ಬೆಂದಿದೆ’ ಅನ್ನುತ್ತಾನೆ.

ಈ ವಾರ

ಬಾಕಿ ಇರುವುದು ಮುಕ್ತಾಯ. ಜಗಳ ಎಷ್ಟೇ ಜೋರಾದರೂ ಮಂಗಳ ಹಾಡಿ ಮುಗಿಸಬೇಕು. ಇಬ್ಬರೂ ರಾಜಿಯಾಗಿ ಚಹಾ ಕುಡಿಯುವ ಹಾಗೆ ಬರೆಯೋಣ ಅಂತ ನಾನು. ಕಾಫಿ ಅಂಗಡಿಯಲ್ಲಿ ಚಹಾ ಹೊಗಳಿದರೆ ಮುಂದಿನ ವಾರ ಮೈಕ್ ಸಿಗುವುದಿಲ್ಲ, ಅಲ್ಲದೆ ಗೆಲ್ಲುತ್ತಿರುವವಳು ನಾನು, ನಾನ್ಯಾಕೆ ರಾಜಿಯಾಗಲಿ ಅಂತ ಅವಳು. ಶುಕ್ರವಾರದೊಳಗೆ ಎರಡೂ ಬರೆದಿಟ್ಟು, ಯಾವ ಕಡೆಯ ಹಿಮ್ಮೇಳ ಜೋರಾಗಿರುತ್ತದೋ ಅದನ್ನು ಹಾಡುವುದು ಅಂತ ಆಗಿದೆ.