ಮೊದಲು ಅಂಗಾಲು ನೋಡಿ

ಟೋಕಿಯೋದ ನಕಾನೋ ಬ್ರಾಡ್‌ವೇ ಎಂಬ, ಹಳೆ ಆಟಿಕೆ ಅಂಗಡಿಗಳಿರುವ ಮಾಲ್‌ನಲ್ಲಿ ಗಾಡ್ಜಿಲ್ಲಾ ಬೊಂಬೆ ಕೈಗೆ ಸಿಕ್ಕರೆ ನಾನು ಮುಖ ನೋಡುವುದಿಲ್ಲ, ಮೊದಲು ಅಂಗಾಲು ತಿರುಗಿಸುತ್ತೇನೆ. ತಯಾರಕರ ಮುದ್ರೆ ಹೆಚ್ಚಾಗಿ ಅಲ್ಲೇ ಇರುತ್ತದೆ. 1980ರ ದಶಕದ ಬಂಡಾಯ್ ಕಂಪನಿಯ ಬೊಂಬೆಗಳು ನನ್ನ ಜೇಬಿಗೆ ಸರಿ. 1960ರ ದಶಕದ ಮಾರುಸಾನ್, ಆಮೇಲೆ ಬಂದ ಬುಲ್‌ಮಾರ್ಕ್? ಅವು ಗಾಜಿನ ಕಪಾಟಿನೊಳಗೆ. ಸುಮ್ನೆ ನೋಡಿ ಕೈಮುಗಿದು ಬರುವುದಷ್ಟೇ.

ಇವನ್ನು ಸೋಫುಬಿ ಅಂತಾರೆ. ಮೆತ್ತನೆಯ ವಿನೈಲ್. ಲೋಹದ ಅಚ್ಚಿಗೆ ದ್ರವ ವಿನೈಲ್ ಸುರಿದು ಕಾಯಿಸುತ್ತಾರೆ. ಅಚ್ಚಿನ ಗೋಡೆಗೆ ಅಂಟಿದ್ದು ಗಟ್ಟಿಯಾಗುತ್ತದೆ, ಉಳಿದದ್ದನ್ನು ಹೊರಗೆ ಚೆಲ್ಲುತ್ತಾರೆ. ಆಮೇಲೆ ಬಿಸಿ ಇರುವಾಗಲೇ ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ಅಷ್ಟು ದಪ್ಪ ಹೊಟ್ಟೆ ಅಷ್ಟು ಚಿಕ್ಕ ಬಾಯಿಂದ ಹೊರಬರುವುದನ್ನು ವಿಡಿಯೋದಲ್ಲಾದರೂ ನೋಡಿ!

ನನ್ನ ಮೆಚ್ಚಿನದು ಹೆಡೋರಾ. 1971ರ ಗಾಡ್ಜಿಲ್ಲಾ ಸಿನಿಮಾದ್ದು, ಕೊಳಕು ನೀರು ಮತ್ತು ಹೊಗೆಯಿಂದ ಬೆಳೆದ ರಾಕ್ಷಸ. ಚೆಂದವಂತೂ ಅಲ್ಲವೇ ಅಲ್ಲ. ಆದರೆ ಆಗ ಜಪಾನಿನಲ್ಲಿ ಮಾಲಿನ್ಯವೇ ದೊಡ್ಡ ಭಯ, ಅಲ್ವಾ? ಆ ಭಯವನ್ನೂ ಆಟಿಕೆ ಮಾಡಿ ಮಕ್ಕಳ ಕೈಗೆ ಕೊಟ್ಟರು.

ಹೊಸಬರಿಗೊಂದು ಮಾತು: ಕೈಕಾಲು, ಬಾಲ ಬಿಚ್ಚಬೇಕಾದರೆ ಬಲವಂತ ಬೇಡ. ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ತಾನಾಗಿ ಸಡಿಲವಾಗುತ್ತದೆ. ಕಾಗದದ ಟ್ಯಾಗ್ ಇದ್ದರೆ ಅದನ್ನು ಕೀಳಲೇಬೇಡಿ, ಅದಿದ್ದರೆ ಬೆಲೆ ಜಾಸ್ತಿ.