ಅಂಗಡಿಯಲ್ಲಿ ಗೆದ್ದ ಸ್ಪೀಕರ್ ಮನೆಯಲ್ಲಿ ಸೋಲುವುದೇಕೆ

ಜಯನಗರದ ಆಡಿಯೋ ಅಂಗಡಿಯೊಂದರಲ್ಲಿ ಸ್ಪೀಕರ್ ಕೇಳಿಸುವುದು ನನ್ನ ಕೆಲಸ. ಬಂದವರೆಲ್ಲ ಮೊದಲು ಕೇಳುವುದು ಒಂದೇ: ಇವುಗಳಲ್ಲಿ ಯಾವುದು ಚೆನ್ನಾಗಿದೆ? ನಾನು ತಿರುಗಿ, ನೀವು ಯಾವ ಸಂಗೀತ ಕೇಳುತ್ತೀರಿ, ಎಷ್ಟು ಜೋರಾಗಿ ಕೇಳುತ್ತೀರಿ, ಮನೆಯಲ್ಲಿರುವ ಆಂಪ್ಲಿಫೈಯರ್ ಯಾವುದು ಎಂದು ವಿಚಾರಿಸುತ್ತೇನೆ. ಇದು ಕೆಲವರಿಗೆ ಮಾತು ಮರೆಸುವ ಉಪಾಯದಂತೆ ಕಾಣುತ್ತದೆ. ದುಬಾರಿಯದನ್ನೇ ಕೊಡಿ, ಸಾಕು ಎನ್ನುವವರೂ ಇದ್ದಾರೆ. ನಮ್ಮ ಮಾಲೀಕರಿಗೆ ಅಂಥವರೆಂದರೆ ಬಹಳ ಪ್ರೀತಿ.

ಬಸವನಗುಡಿಯ ಹಿರಿಯರೊಬ್ಬರು ಮಗನ ಜೊತೆ ಬಂದಿದ್ದರು. ಮಗ ತನ್ನ ಮೊಬೈಲಿನಿಂದ ಹೊಸ ಸಿನಿಮಾ ಹಾಡೊಂದನ್ನು ಹಾಕಿಸಿ, ಎರಡು ಜೋಡಿಗಳಲ್ಲಿ ಹೆಚ್ಚು ಖಣಖಣ ಎನ್ನುವುದನ್ನು ಕ್ಷಣದಲ್ಲೇ ಆರಿಸಿಬಿಟ್ಟ. ಆಮೇಲೆ ತಂದೆಯವರ ಪೆನ್ ಡ್ರೈವ್ ಹಾಕಿದೆ. ಅದರಲ್ಲಿದ್ದದ್ದು ಹಿಂದೆ ಆಕಾಶವಾಣಿಯಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ ಕಚೇರಿಗಳು. ತಂಬೂರಿಯ ಝೇಂಕಾರ ಗಾಯಕರಿಗಿಂತ ಮುಂದೆ ಬಂದು ಕೂತಿತು. ಹಿನ್ನೆಲೆಯ ಟೇಪಿನ ಸುಯ್ಯೆನ್ನುವ ಸದ್ದು ಎದ್ದು ಕೇಳತೊಡಗಿತು.

"ಪಿಟೀಲು ಕಿವಿಗೆ ಚುಚ್ಚುತ್ತಿದೆಯಲ್ಲೋ" ಎಂದರು ಹಿರಿಯರು.

"ಹಳೆಯ ರೆಕಾರ್ಡಿಂಗ್ ಅಲ್ಲವೇ ಅಪ್ಪಾ, ಅದಕ್ಕೇ" ಎಂದ ಮಗ.

ಅದೊಂದೇ ಕಾರಣವಾಗಿರಲಿಲ್ಲ. ಮನುಷ್ಯರ ಕಿವಿ ಸುಮಾರು 2ರಿಂದ 5 ಕಿಲೋಹರ್ಟ್ಸ್ ನಡುವಿನ ಸದ್ದಿಗೆ ಬಲು ಚುರುಕು. ಅಲ್ಲಿ ಕೊಂಚ ಉಬ್ಬಿರುವ ಸ್ಪೀಕರ್ ಮೊದಲ ಐದು ನಿಮಿಷ ಸ್ಪಷ್ಟವಾಗಿ ಕೇಳಿ ಮರುಳು ಮಾಡುತ್ತದೆ. ಒಂದಿಡೀ ರಾಗಾಲಾಪನೆ ಮುಗಿಯುವಷ್ಟರಲ್ಲಿ ದಣಿಸುತ್ತದೆ. ಇನ್ನೊಂದು ಜೋಡಿಯಲ್ಲಿ ಅದೇ ಕಚೇರಿಯನ್ನು ಹಾಕಿದಾಗ ಕಂಠಕ್ಕೆ ಮೈ ಬಂತು, ಮೃದಂಗದ ಎಡಬದಿಯ ಗುಮುಕಿ ಜಾರಿ ನಿಲ್ಲುವುದು ಕೇಳಿಸಿತು. ಹಿರಿಯರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಮೀಟರ್ ಇಲ್ಲ.

ನಿಜವಾದ ಮೀಟರನ್ನೂ ಇಟ್ಟುಕೊಂಡಿದ್ದೇನೆ. ಎರಡು ಸ್ಪೀಕರ್‌ಗಳನ್ನು ಹೋಲಿಸುವಾಗ ಒಂದರ ಸದ್ದು ಒಂದು ಡೆಸಿಬಲ್ ಹೆಚ್ಚಿದ್ದರೂ ಅದು ಜೋರು ಎನಿಸುವುದಿಲ್ಲ, ಚೆಂದ ಎನಿಸುತ್ತದೆ. ವ್ಯಾಪಾರದಲ್ಲಿ ಇದರ ಲಾಭ ಪಡೆಯುವುದು ಬಹಳ ಸುಲಭ. ಆದ್ದರಿಂದ ಎರಡರ ಮಟ್ಟವನ್ನೂ ಸಮ ಮಾಡಿಯೇ ಕೇಳಿಸುತ್ತೇನೆ. ಬೇರೆ ಅಂಗಡಿಗೆ ಹೋದರೂ ಇದನ್ನು ಒತ್ತಾಯ ಮಾಡಿ ಕೇಳಿ.

ಇನ್ನು ಆಂಪ್ಲಿಫೈಯರ್ ವಿಷಯ. ವೈಟ್‌ಫೀಲ್ಡ್‌ನ ಯುವಕರೊಬ್ಬರು 300ಬಿ ಎಂಬ ವಾಲ್ವ್ (ಟ್ರಾನ್ಸಿಸ್ಟರಿಗೂ ಹಿಂದಿನ ಕಾಲದ ಗಾಜಿನ ನಳಿಕೆ) ಇರುವ, ಚಾನೆಲ್ಲಿಗೆ 8 ವ್ಯಾಟ್ ಕೊಡುವ ಆಂಪ್ಲಿಫೈಯರ್ ತೆಗೆದುಕೊಂಡಿದ್ದರು. ಅದಕ್ಕೆ ಅವರು ಬಯಸಿದ್ದು 83 ಡೆಸಿಬಲ್ ಸೆನ್ಸಿಟಿವಿಟಿಯ, ಅಂದರೆ ಕೊಟ್ಟ ಶಕ್ತಿಗೆ ಕಡಿಮೆ ಸದ್ದು ಮಾಡುವ, ಪುಟ್ಟ ಸ್ಪೀಕರ್. ಕೇಳುವುದು ಮಾತ್ರ ರಾಕ್ ಸಂಗೀತ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 83 ಎಂದರೆ, ಎಂಟೂ ವ್ಯಾಟ್ ಸುರಿದರೂ 92ಕ್ಕೆ ನಿಲ್ಲುತ್ತದೆ. ಸೋಫಾ ತಲುಪುವಷ್ಟರಲ್ಲಿ ಇನ್ನೂ ಇಳಿಯುತ್ತದೆ. ಡ್ರಮ್ಮಿನ ಪೆಟ್ಟು ಬಿದ್ದಾಗ ಆಂಪ್ಲಿಫೈಯರಿನ ಉಸಿರು ಕಟ್ಟುವುದು ಖಚಿತ. ಪ್ರತಿ 3 ಡೆಸಿಬಲ್ಲಿಗೂ ಬೇಕಾದ ಶಕ್ತಿ ಇಮ್ಮಡಿಯಾಗುತ್ತದೆ. ಹಾಗಾಗಿ 95 ಡೆಸಿಬಲ್ಲಿನ ಸ್ಪೀಕರಿಗೆ ಅಷ್ಟೇ ಸದ್ದು ಮಾಡಲು ಅರ್ಧ ವ್ಯಾಟ್ ಸಾಕು.

ವಾಲ್ವ್ ಆಂಪ್ಲಿಫೈಯರುಗಳಿಗೆ ಇನ್ನೊಂದು ಸ್ವಭಾವವಿದೆ. ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ, ಅಂದರೆ ಇಂಪೀಡೆನ್ಸ್, 8 ಓಮ್ ಎಂದು ಅದರ ಮೇಲೆ ಬರೆದಿದ್ದರೂ ಸ್ವರದಿಂದ ಸ್ವರಕ್ಕೆ ಅದು ಏರಿಳಿಯುತ್ತಲೇ ಇರುತ್ತದೆ. ಇಂಥ ವಾಲ್ವ್ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚಾದ್ದರಿಂದ ಸದ್ದೂ ಆ ಏರಿಳಿತವನ್ನೇ ಹಿಂಬಾಲಿಸುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಬಿಗಿಯಾಗಿದ್ದ ಸ್ಪೀಕರ್ ಇಲ್ಲಿ ಸಡಿಲವಾಗಿ ಕೇಳಬಹುದು. ಅದಕ್ಕೇ ಸಾಧ್ಯವಿದ್ದವರಿಗೆ ಮನೆಯ ಆಂಪ್ಲಿಫೈಯರನ್ನೇ ಹೊತ್ತು ತನ್ನಿ ಎನ್ನುತ್ತೇನೆ. ಆ ಯುವಕರು ತಂದರು, ಕೇಳಿದರು, ಕೊನೆಗೆ ಕಡಿಮೆ ವ್ಯಾಟಿಗೂ ಜೋರಾಗಿ ನುಡಿಯುವ, ಕಹಳೆಯ ಬಾಯಿಯಂಥ ಹಾರ್ನ್ ಸ್ಪೀಕರ್ ಒಯ್ದರು. ನೋಡಲು ಬೀರುವಿನ ಹಾಗಿದೆ ಎಂಬ ಗೊಣಗಾಟ ಮಾತ್ರ ನಿಂತಿಲ್ಲ.

ಬಸವನಗುಡಿಯವರು ಎರಡನೆಯ ಜೋಡಿಯನ್ನೇ ಕೊಂಡರು. ಸ್ವಲ್ಪ ದಿನ ಕಳೆದ ಮೇಲೆ ಮಗನ ಫೋನ್: ಮೃದಂಗವೆಲ್ಲ ಗುಂಯ್ ಎನ್ನುತ್ತಿದೆ. ಹೋಗಿ ನೋಡಿದರೆ, ಹಿಂಬದಿಗೆ ಪೋರ್ಟ್ (ಗಾಳಿ ಹೋಗಿಬರುವ ತೂತು) ಇರುವ ಸ್ಪೀಕರುಗಳನ್ನು ಟಿವಿಯ ಎರಡೂ ಪಕ್ಕ ಗೋಡೆಗೆ ಒತ್ತಿ ಇಟ್ಟಿದ್ದರು. ಎರಡಡಿ ಮುಂದಕ್ಕೆ ಎಳೆದಾಗ ಸದ್ದು ತಿಳಿಯಾಯಿತು. ಓಡಾಡಲು ಜಾಗವೆಲ್ಲಿ ಎಂದು ಮನೆಯ ಹೆಂಗಸರು ಆಕ್ಷೇಪಿಸಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಪೋರ್ಟಿಗೆ ಸ್ಪಂಜು ತುರುಕಿ, ಒಂದಡಿಗೆ ರಾಜಿಯಾಯಿತು.